ಹಿಡಿದ ಹೊಗೆ, ಕಾಯುವ ಟ್ಯಾಂಕರ್

ಬೆಳಗಿನ ಐದೂಮುಕ್ಕಾಲು. ಇಂಧನ ಘಟಕದ ಗೇಟಿನೆದುರು ನಿಂತ ಟ್ಯಾಂಕರಿನಿಂದ ಹೆಂಗಸೊಬ್ಬರು ಇಳಿಯುತ್ತಾರೆ. ಮೊದಲು ಒತ್ತಡದ ಮೀಟರಿಗೆ ಟಾರ್ಚ್ ಹಿಡಿಯುತ್ತಾರೆ. ಆಮೇಲೆ ತಲೆಯೆತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾರೆ. ಒಂದೂ ತಿರುಗುತ್ತಿಲ್ಲ.

"ಇವತ್ತೂ ಕೂತ್ಕೋಬೇಕು ಅಷ್ಟೆ," ಎನ್ನುತ್ತ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾರೆ.

ಎಲ್ಲರಿಗೂ ಅವರು ಟ್ಯಾಂಕರ್ ಅಕ್ಕ. ಸಿಮೆಂಟ್ ಕಾರ್ಖಾನೆಯ ಚಿಮಣಿಯಲ್ಲಿ ಹಿಡಿದ ಇಂಗಾಲದ ಡೈಆಕ್ಸೈಡನ್ನು ತಣ್ಣಗಿನ ದ್ರವವಾಗಿಸಿ ಇವರ ಟ್ಯಾಂಕರಿಗೆ ತುಂಬುತ್ತಾರೆ. ಒಂದು ಸಲಕ್ಕೆ ಹದಿನೆಂಟು ಟನ್, ನಲವತ್ತು ಕಿಲೋಮೀಟರ್ ದಾರಿ. ಗಾಳಿ, ಬಿಸಿಲಿನಿಂದ ಹುಟ್ಟಿ ಯಾರಿಗೂ ಬೇಡವಾಗಿ ಉಳಿದ ವಿದ್ಯುತ್ತಿನಿಂದ ಘಟಕ ಅದನ್ನು ಇಂಧನವಾಗಿ ಮಾರ್ಪಡಿಸುತ್ತದೆ. ವಿದ್ಯುತ್ ಉಳಿಯದಿದ್ದರೆ ಯಂತ್ರ ನಿಂತೇ ಇರುತ್ತದೆ. ದಿನಕ್ಕೆ ಐದಾರು ಗಂಟೆ ಓಡಿದರೆ ಹೆಚ್ಚು.

ಮೊದಲು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದರು. "ಹಾಲು ಒಡೆದ್ರೆ ಯಾಕೆ ಒಡೀತು ಅಂತ ಗೊತ್ತಾಗ್ತಿತ್ತು. ಇಲ್ಲಿ ಒಂದೂ ತಲೆಗೆ ಹತ್ತಲ್ಲ." ಮನೆಯಲ್ಲಿ ಟೈಲರ್ ಗಂಡ, ಹೊಲಿಗೆ ಯಂತ್ರದ ಮುಂದಿನಿಂದಲೇ ಕಿಚಾಯಿಸುತ್ತಾರಂತೆ: "ಏನಮ್ಮಾ, ಇವತ್ತಾದ್ರೂ ಗಾಳಿ ನಿನ್ನ ಮಾತು ಕೇಳ್ತಾ?"

ಕಳೆದ ತಿಂಗಳು ಮೂರು ದಿನ ಮೋಡ ಕವಿದು, ಎಲೆಯೂ ಅಲುಗಲಿಲ್ಲ. ಘಟಕದ ಸಂಗ್ರಹ ಟ್ಯಾಂಕ್ ತುಂಬಿತ್ತು, ಕಾರ್ಖಾನೆಯದೂ ತುಂಬಿತ್ತು. ಗೇಟಿನಲ್ಲಿ ನಿಂತ ಟ್ಯಾಂಕರಿನೊಳಗಿನ ದ್ರವ ಕಾವೇರಿ ಒತ್ತಡ ಏರುತ್ತಲೇ ಹೋಯಿತು. ಅಕ್ಕ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರು.

"ಸ್ವಲ್ಪ ಹೊತ್ತು ಯಂತ್ರ ಓಡಿಸಿ ಸಾರ್, ಒಂದಿಷ್ಟು ಜಾಗ ಆಗುತ್ತೆ."

"ಈಗಿನ ಕರೆಂಟ್ ರೇಟಲ್ಲಿ ಓಡಿಸಿದ್ರೆ ನಮ್ಮ ಒಂದು ಲೀಟರಿನ ಖರ್ಚಿಗೆ ಪೇಟೇಲಿ ಮೂರು ಲೀಟರ್ ಇಂಧನ ಬರುತ್ತಕ್ಕಾ. ಒತ್ತಡ ಇಳಿಯೋವರೆಗೂ ಗ್ಯಾಸನ್ನ ಗಾಳಿಗೆ ಬಿಟ್ಬಿಡಿ," ಎಂದರು ಎಂಜಿನಿಯರ್.

ಅಕ್ಕ ಮಧ್ಯಾಹ್ನದವರೆಗೆ ತಡೆದರು. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದಾಗ ತಾವೇ ವಾಲ್ವ್ ತಿರುಗಿಸಿದರು. ಬಿಳಿ ಮಂಜು ಬುಸುಗುಟ್ಟಿತು. ನಾಲ್ಕು ಟನ್ ಹೋಯಿತು.

"ಹಿಡಿದಿರೋ ಹೊಗೇನ ಡೀಸೆಲ್ ಸುಟ್ಕೊಂಡು ಇಲ್ಲಿವರೆಗೂ ತಂದು, ನನ್ನ ಕೈಯಾರೆ ಬಿಟ್ಟೆ. ಊಟ ಸೇರಲಿಲ್ಲ ಅವತ್ತು."

ಸಂಜೆ ಗಾಳಿ ಎದ್ದಿತು. ವಿದ್ಯುತ್ ಬಿಟ್ಟಿ ಸಿಗತೊಡಗಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಸಂಗ್ರಹವೆಲ್ಲ ಖಾಲಿ. "ಅಕ್ಕಾ, ಗ್ಯಾಸ್ ಸಾಲ್ತಿಲ್ಲ, ಬೇಗ ತನ್ನಿ!" ಎಂದು ಅದೇ ಎಂಜಿನಿಯರ್ ಫೋನ್ ಮಾಡಿದರು.

ಇನ್ನೊಂದು ದೊಡ್ಡ ಟ್ಯಾಂಕ್ ಕಟ್ಟಬಾರದೇ ಎಂದು, ಘಟಕದ ಬಗ್ಗೆ ಬರೆಯಲು ಬಂದ ನಾನು ಕಂಟ್ರೋಲ್ ರೂಮಿಗೆ ಹೋಗಿ ಆ ಎಂಜಿನಿಯರನ್ನೇ ಕೇಳುತ್ತೇನೆ. ವರ್ಷದಲ್ಲಿ ಹೆಚ್ಚು ದಿನ ಅದು ಸುಮ್ಮನೆ ನಿಲ್ಲುತ್ತದೆ, ಯಂತ್ರ ಓಡಲಿ ಬಿಡಲಿ ಹೂಡಿದ ಹಣದ ಬಡ್ಡಿ ಓಡುತ್ತದೆ ಎಂದು ತಾಳ್ಮೆಯಿಂದ ವಿವರಿಸುತ್ತಾರೆ. ಪುಟ ತುಂಬ ಬರೆದುಕೊಳ್ಳುತ್ತೇನೆ. ಹೊರಬಂದು ಓದಿದರೆ ಅದರಲ್ಲಿರುವುದಿಷ್ಟೇ: ವಿದ್ಯುತ್ ಬಿಟ್ಟಿ, ಹೊಗೆ ಬಿಟ್ಟಿ, ಇಂಧನ ದುಬಾರಿ.

ಅಕ್ಕನಿಗೂ ಓದಿ ಹೇಳುತ್ತೇನೆ. ಅವರು ನಗುತ್ತಾರೆ.

"ನಿಮಗೂ ಅಷ್ಟೇನಾ ಅರ್ಥ ಆಗಿದ್ದು? ಯಾರಾದ್ರೂ ಒಂದ್ಸಲ ಕೂರಿಸ್ಕೊಂಡು ಬಿಡಿಸಿ ಹೇಳಿದ್ರೆ ಸಾಕು ನಂಗೆ, ಬೇರೇನೂ ಬೇಡ. ನಾನೇನು ದಡ್ಡಿ ಅಲ್ಲ. ಹದಿನಾರು ಚಕ್ರದ ಈ ಗಾಡೀನ ಆ ಗೇಟಲ್ಲಿ ರಿವರ್ಸಲ್ಲಿ ಒಂದೇ ಸಲಕ್ಕೆ ಒಳಗೆ ಹಾಕೋದು ಇಲ್ಲಿ ನಾನೊಬ್ಬಳೇ."