ಜಪಾನಿನಲ್ಲಿ ಕೂರುವ ದಿನ

ಕೂತಲ್ಲಿ ಕೂರಲಾರದವಳು ನಾನು. ಇದನ್ನು ಒಪ್ಪಿಕೊಳ್ಳಲು ನನಗೆ ಐವತ್ತೆರಡು ವರ್ಷ ಬೇಕಾಯಿತು. ಮನೆಯವರಿಗೆಲ್ಲ ಮೊದಲೇ ಗೊತ್ತಿತ್ತಂತೆ. ಊಟಕ್ಕೆ ಕೂತರೆ ಅನ್ನ ಮುಗಿಯುವುದರೊಳಗೆ ಮೂರು ಸಲ ಏಳುತ್ತೇನೆ. ಒಮ್ಮೆ ಉಪ್ಪಿನಕಾಯಿಗೆ, ಒಮ್ಮೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲಿಕ್ಕೆ. ಮೂರನೆಯ ಸಲ ಯಾಕೆ ಎದ್ದೆ ಎಂಬುದು ಅಡುಗೆಮನೆ ಮುಟ್ಟುವಷ್ಟರಲ್ಲಿ ಮರೆತುಹೋಗಿರುತ್ತದೆ. ಕುಮಟಾ ಸ್ಟೇಷನ್ನಿನಲ್ಲಿ ಹತ್ತೂವರೆಯ ರೈಲಿಗೆ ಒಂಬತ್ತಕ್ಕೇ ಹೋಗಿ ನಿಂತಿರುತ್ತೇನೆ. ಬೆಂಚು ಖಾಲಿ ಇದ್ದರೂ ನಿಂತೇ ಇರುತ್ತೇನೆ.

ಇಂಥವಳ ಕೈಗೆ ಜಪಾನ್ ಪ್ರವಾಸದ ಯೋಜನೆ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಜಪಾನ್ ಯಾಕೆ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು ನಾನು. ಆ ದೇಶದ ನಾಲ್ಕು ದೊಡ್ಡ ದ್ವೀಪಗಳ ಹೆಸರನ್ನು ಎಷ್ಟು ತಲೆಮಾರಿನ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಭೂಮಿ ಯಾಕೆ ನಡುಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಆದರೆ ನಾನು ಕಣ್ಣಾರೆ ಕಂಡ ಅತಿ ದೂರದ ಊರು ಮೈಸೂರು, ಅದೂ ಶಾಲಾ ಪ್ರವಾಸದಲ್ಲಿ, ನಲವತ್ತೆಂಟು ಮಕ್ಕಳ ತಲೆ ಎಣಿಸುತ್ತ. ಅರಮನೆ ನೋಡಿದ ನೆನಪಿಲ್ಲ, ತಲೆಗಳದ್ದಿದೆ.

ನಿಜವಾದ ಕಾರಣ ಮಾತ್ರ ನಮ್ಮ ಆಯಿ. ನನ್ನ ತಾಯಿ. ಹಿರೇಗುತ್ತಿಯಲ್ಲಿ ಹುಟ್ಟಿ, ಕುಮಟೆಯ ಮೀನುಪೇಟೆಯಲ್ಲಿ ನಲವತ್ತು ವರ್ಷ ಬುಟ್ಟಿಯ ಮುಂದೆ ಕೂತು ನಮ್ಮನ್ನು ಓದಿಸಿದವಳು. ಅವಳು ಹುಡುಗಿಯಾಗಿದ್ದಾಗ ಊರಿನಲ್ಲಿ ಹಿನ್ನೀರು ನುಗ್ಗುವ ಗಜನಿ ಗದ್ದೆಯ ಉಪ್ಪುನೀರಿನಲ್ಲಿ ಅಂಗೈ ಉದ್ದದ ಸಿಗಡಿ ಸಿಗುತ್ತಿತ್ತಂತೆ. ನಮ್ಮ ಕಡೆ ಅದಕ್ಕೆ ಶೆಟ್ಲಿ ಎನ್ನುತ್ತೇವೆ. ಬಲೆ ಎತ್ತುವ ಹೊತ್ತಿಗೆ ಸರಿಯಾಗಿ ಏಜೆಂಟ ಬರ್ಫದ ಪೆಟ್ಟಿಗೆ ತಂದು, ದೊಡ್ಡದನ್ನೆಲ್ಲ ಆರಿಸಿ, "ಇದು ಜಪಾನಿಗೆ" ಎಂದು ತುಂಬಿಕೊಂಡು ಹೋಗುತ್ತಿದ್ದ. ಮಕ್ಕಳಿಗೆ ಉಳಿಯುತ್ತಿದ್ದದ್ದು ಬೆರಳುಗುರಿನಷ್ಟು ಸಣ್ಣ ಶೆಟ್ಲಿ. ಆಮೇಲೆ ಪೇಟೆಯಲ್ಲಿ ಕೂತ ಕಾಲಕ್ಕೂ ಅದೇ ಕತೆ. ಒಳ್ಳೆಯ ಮಾಲು ಜಪಾನಿಗೆ, ಬಂಗಡೆ ತಾರ್ಲೆ ನಮಗೆ. ಹಾಗಾಗಿ ಆಯಿಯ ಮನಸ್ಸಿನಲ್ಲಿ ಜಪಾನ್ ಎಂದರೆ ದ್ವೀಪವಲ್ಲ, ಭೂಕಂಪವಲ್ಲ. ನಮ್ಮ ಶೆಟ್ಲಿ ತಿಂದ ಮನೆ.

"ಸಾಯೂದ್ರೊಳ್ಗೆ ಒಂದ್ಸಲ ಅವ್ರ ಮುಖ ನೋಡ್ಬೇಕು. ಹೊಟ್ಟೆಕಿಚ್ಚಿಗಲ್ಲ ಮತ್ತೆ. ರುಚಿ ಆಗಿತ್ತಾ ಅಂತ ಕೇಳೂಕೆ" ಎಂದು ಹೋದ ವರ್ಷ ನಮ್ಮ ಮನೆಯ ಹೊರಜಗಲಿಯಲ್ಲಿ ಕೂತು ಮೀನು ಹೆಚ್ಚುತ್ತ ಹೇಳಿದಳು. ನಗೆಯ ಮಾತೇ. ಆದರೆ ಅವಳಿಗೆ ಎಪ್ಪತ್ತನಾಲ್ಕು, ಮಂಡಿ ಎರಡೂ ತಗಾದೆ ತೆಗೆದಿವೆ, ಮತ್ತು ನಾನು ನಗೆಯ ಮಾತನ್ನೂ ಆ ಕ್ಷಣವೇ ಪಟ್ಟಿ ಮಾಡುವ ಜಾತಿಯವಳು. ಮೀನು ತೊಳೆಯುವುದರೊಳಗೆ ಕುಟುಂಬದ ಮೊದಲ ವಿದೇಶ ಪ್ರವಾಸ ನಿಶ್ಚಯವಾಗಿಬಿಟ್ಟಿತು.

ನಾಲ್ವರು ನಾವು: ಆಯಿ, ನಾನು, ಡಿಗ್ರಿ ಮುಗಿಸಿದ ಮಗಳು ಸಂಜನಾ, ಮತ್ತು ನಮ್ಮ ಮನೆಯವರು. ಇವರು ಭಟ್ಕಳದ ಹತ್ತಿರ ಹೆಬಳೆಯವರು, ಹೊನ್ನಾವರದ ಸೊಸೈಟಿಯೊಂದರಲ್ಲಿ ಕೆಲಸ. ಜಗತ್ತಿನಲ್ಲಿ ಏನು ಹೇಳಿದರೂ "ಆತು" ಎನ್ನುವ ಮನುಷ್ಯ. ಜಪಾನಿಗೆ ಹೋಗೋಣ ಎಂದೆ, "ಆತು" ಎಂದರು. ಮೊಸರು ಹುಳಿಯಾಗಿದೆ ಎಂದಾಗಲೂ ಅದೇ ದನಿಯಲ್ಲಿ ಹಾಗೆಂದಿದ್ದರು.

ಹನ್ನೊಂದು ದಿನ, ಆರು ಊರು. ಟೋಕಿಯೊ, ಕನಜಾವಾ, ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ. ಶಾಲೆಯ ವೇಳಾಪಟ್ಟಿ ಮಾಡಿ ಪಳಗಿದ ಕೈ ನನ್ನದು. ದೊಡ್ಡ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಎದ್ದೇಳುವುದರಿಂದ ಹಿಡಿದು ಮಲಗುವವರೆಗೆ ಹೊತ್ತು ಹಂಚಿದೆ. ಕ್ಯೋಟೊದ ಒಂದು ಗುಡಿಗೆ ಮೂವತ್ತೈದು ನಿಮಿಷ, ಮುಂದಿನ ಗುಡಿಗೆ ಇಪ್ಪತ್ತೈದು. ಚಪ್ಪಲಿ ಕಳಚಲು, ಹಾಕಲು ಐದೈದು. ನಾರಾದಲ್ಲಿ ಜಿಂಕೆಗಳಿಗೆ ಬಿಸ್ಕಿಟು ಹಾಕಲು ಹದಿನೈದು. ಆಯಿಗಾಗಿ ಟೋಕಿಯೊದ ಮೀನುಪೇಟೆ, ಬೆಳಿಗ್ಗೆ ಎಂಟರಿಂದ ಎಂಟೂ ನಲವತ್ತರವರೆಗೆ. ಇಡೀ ಪ್ರವಾಸ ಯಾರಿಗಾಗಿಯೋ ಅವಳ ಪಾಲಿಗೆ ನಲವತ್ತು ನಿಮಿಷ ಬಂದಿದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ ನೋಡಿ.

ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದೆ. ನಮ್ಮವರು ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ಓದಿ, ಮೊದಲ ಸಲ ಆ ಎರಡಕ್ಷರ ಬಿಟ್ಟು ಬೇರೆ ಮಾತಾಡಿದರು: "ಇಷ್ಟೂ ದೇವಸ್ಥಾನಕ್ಕೆ ಮದ್ವೆ ಕಾಗ್ದ ಕೊಡೂದಿತ್ತಾ?"

ಈ ಮಾತಿನ ಹಿಂದೊಂದು ಕತೆಯಿದೆ. ನನ್ನ ನಾದಿನಿಯ ಮದುವೆಗೆ ಮನೆಮನೆಗೆ ಹೋಗಿ ಕರೆಯ ಹೇಳುವ, ಎಂದರೆ ಆಮಂತ್ರಣ ಕೊಡುವ, ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ಒಂದೇ ದಿನದಲ್ಲಿ ಹೆಬಳೆ, ಮುಟ್ಟಳ್ಳಿ, ಭಟ್ಕಳ ಪೇಟೆ, ಹೊನ್ನಾವರ, ಕುಮಟಾ ಎಲ್ಲ ಮುಗಿಸಿದ್ದೆ. ನಮ್ಮ ಮೂರು ತಾಲೂಕುಗಳ ಅನುಕೂಲವೇ ಅದು, ಒಂದೇ ರಸ್ತೆಗೆ ಪೋಣಿಸಿಕೊಂಡಿವೆ. ಕರೆಯ ಹೇಳಲು ಹೋದವರು ಕೂರಬೇಕು, ಒಂದು ಗುಟುಕಾದರೂ ಪಾನಕ ಕುಡಿಯಬೇಕು, ಮನೆಯ ಹಿರಿಯರ ಸೊಂಟನೋವು ವಿಚಾರಿಸಬೇಕು, ಆಮೇಲೆ ಕುಂಕುಮ ಹಚ್ಚಿ ಕಾಗದ ಕೊಡಬೇಕು. ನಾನೋ, ಹೊಸ್ತಿಲ ಮೇಲೆ ನಿಂತೇ ಕುಂಕುಮ ಹಚ್ಚಿದೆ. "ಕೂತು ಹೋಗೇ ತಂಗೀ" ಎಂದವರಿಗೆಲ್ಲ "ಇನ್ನೂ ಹದಿನಾಲ್ಕು ಮನೆ ಉಂಟು" ಎಂದು ಓಡಿದೆ. ಸಂಜೆಯ ಹೊತ್ತಿಗೆ ಒಂದು ಮನೆಯೂ ಬಿಟ್ಟುಹೋಗಿರಲಿಲ್ಲ. ಮದುವೆಗೆ ಮಾತ್ರ ಅರ್ಧಕ್ಕರ್ಧ ಜನ ಬರಲಿಲ್ಲ. ಕೂರದೆ ಹೇಳಿದ ಕರೆಯವನ್ನು ನಮ್ಮ ಕಡೆ ಕರೆಯವೆಂದು ಎಣಿಸುವುದಿಲ್ಲ. ಅತ್ತೆಯವರು ಈಗಲೂ ಆ ಉಳಿದ ಅನ್ನದ ಕೊಪ್ಪರಿಗೆಯ ಸುದ್ದಿ ತೆಗೆಯುತ್ತಾರೆ.

ಈ ಗಡಬಿಡಿ ನನ್ನ ತಪ್ಪಲ್ಲ, ರಕ್ತದಲ್ಲೇ ಬಂದದ್ದು ಎಂದು ವಾದಿಸಿ ನೋಡಿದ್ದೇನೆ. ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ದೋಣಿ ತಪ್ಪೀತೆಂದು ಬೆಳಕು ಹರಿಯುವ ಮೊದಲೇ ಹೊಳೆದಂಡೆಗೆ ಓಡುತ್ತಿದ್ದರಲ್ಲ, ಅದೇ ಓಟ ನನಗೂ ಬಂದಿದೆ ಎಂದು. ಆಯಿ ಒಪ್ಪಲಿಲ್ಲ. ದೋಣಿ ತಪ್ಪಿದವರು ದಂಡೆಯಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರಂತೆ, ಆಚೆ ದಡ ಮುಟ್ಟುವುದರೊಳಗೆ ಎರಡು ಮದುವೆ ಸಂಬಂಧ ಕುದುರುತ್ತಿದ್ದವಂತೆ. ಹಿರಿಯರ ಮೇಲೆ ಹಾಕಿದ ಹೊರೆ ಹಾಗೆ ನನ್ನ ತಲೆಗೇ ವಾಪಸು ಬಂತು.

ಇಷ್ಟೆಲ್ಲ ಆದರೂ ಒಂದು ಮಾತು ಬಾಕಿ ಉಳಿಯಿತು. ಆಯಿ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡಳು, ಸಹಿ ಹಾಕಿದಳು, ಬೆಚ್ಚಗಿನ ಸ್ವೆಟರನ್ನು ಎರಡೆರಡು ಸಲ ತೊಟ್ಟು ನೋಡಿದಳು. ಕೇಳಿದರೆ ಮಾತ್ರ "ನೋಡ್ವ." ವಿಮಾನದ ಟಿಕೆಟ್ಟು ತೆಗೆಯಲು ಒಂದೇ ವಾರ ಉಳಿದಿತ್ತು. ನನ್ನ ನಿದ್ದೆ ಹಾರಿಹೋಯಿತು. ಅವಳಿಲ್ಲದೆ ಹೋಗಿ ನಾನು ಅಲ್ಲಿ ನೋಡುವುದಾದರೂ ಏನು? ಇದೊಂದು ವರ್ಷ ತಪ್ಪಿದರೆ ಆ ಮಂಡಿಗಳು ಮುಂದಿನ ವರ್ಷಕ್ಕೆ ಕಾಯುತ್ತವೆಯೇ? ದಿನಕ್ಕೆ ಆರು ಸಲ ಕೇಳತೊಡಗಿದೆ. ಕೊನೆಗೆ ಅವಳಿಗೇ ಸಾಕಾಗಿ, "ಮಂಗಳವಾರ ಗುಡಿಗೆ ಹೋಗ್ವ. ಪ್ರಸಾದ ಕೇಳೂದಿತ್ತು" ಎಂದಳು.

ನಮ್ಮಲ್ಲಿ ದೊಡ್ಡ ಕೆಲಸಕ್ಕೆಲ್ಲ ದೇವಿಯಲ್ಲಿ ಪ್ರಸಾದ ಕೇಳುವುದು ವಾಡಿಕೆ. ಹೊಸ ದೋಣಿ ಇಳಿಸುವುದಿರಲಿ, ಹೆಣ್ಣು ಕೊಡುವುದಿರಲಿ, ಡಾಕ್ಟರು ಆಪರೇಶನ್ನಿಗೆ ದಿನ ಕೊಟ್ಟಿರಲಿ. ಪೂಜೆ ಮಾಡುವ ಗುನಗರು ಒದ್ದೆ ಮಾಡಿದ ಹೂವಿನ ಎಸಳುಗಳನ್ನು ಮೂರ್ತಿಯ ಎಡಬಲಕ್ಕೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಸಮಾಜ ಪಾಠ ಹೇಳುವವಳಾಗಿ ನಾನು ಇದನ್ನು ನಂಬುತ್ತೇನೆಯೇ ಎಂದು ದಯವಿಟ್ಟು ಕೇಳಬೇಡಿ. ನಾನು ಹೋದದ್ದು ನಂಬುವವಳ ಜೊತೆಗೆ.

ಆಯಿ ಕೈಮುಗಿದು ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಂಡಳು. ಗುನಗರು ಎಸಳು ಅಂಟಿಸಿ ಪಕ್ಕಕ್ಕೆ ಸರಿದರು. ಎಸಳು ಬೀಳಲಿಲ್ಲ. ಐದು ನಿಮಿಷವಾಯಿತು. ನಾನು ಹೊರಗೆ ಹೋಗಿ ಚಪ್ಪಲಿ ಇದೆಯೇ ನೋಡಿ ಬಂದೆ. ಹತ್ತು ನಿಮಿಷ. ಗಂಟೆಯ ಹಗ್ಗಕ್ಕೆ ಎಷ್ಟು ಗಂಟುಗಳಿವೆ ಎಂದು ಎಣಿಸಿದೆ. ಗೋಡೆಯ ಮೇಲೆ ಫ್ಯಾನಿನ ಸ್ವಿಚ್ಚು ಕಂಡಿತು. ಒತ್ತಿದರೆ ಒಂದಲ್ಲ ಒಂದು ಬಿದ್ದೀತಲ್ಲ ಎಂಬ ಪಾಪದ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಆಯಿ ಕಂಬಕ್ಕೆ ಒರಗಿ ನೆಲದ ಮೇಲೆ ಕಾಲು ಚಾಚಿ, ಪೇಟೆಯಲ್ಲಿ ಗಿರಾಕಿ ಬರುವ ಮೊದಲು ಕೂರುತ್ತಿದ್ದ ಹಾಗೆಯೇ ಕೂತಿದ್ದಳು.

"ಎಂತಕ್ಕೆ ಗಡಬಿಡಿ? ತಾಯಿಗೂ ಯೋಚ್ನೆ ಮಾಡೂಕೆ ಹೊತ್ತು ಬೇಡ್ವಾ? ಇಲ್ಲಿ ಕೂತ್ಕ" ಎಂದಳು.

ಅಷ್ಟರಲ್ಲಿ ಎಸಳು ಬಿತ್ತು. ಎಡಗಡೆಯದು.

"ಇಲ್ಲ ಅಂತಾಳೆ ತಾಯಿ" ಎಂದರು ಗುನಗರು. ಆಯಿ ಆ ಎಸಳನ್ನು ಕಣ್ಣಿಗೊತ್ತಿಕೊಂಡು ಮುಡಿದುಕೊಂಡಳು. ಅವಳ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ರಿಕ್ಷಾದಲ್ಲಿ ಕೂತದ್ದೇ ನನಗೆ ಕಣ್ಣೀರು ಬಂತು. ತಲೆನರೆತ ಟೀಚರು ರಿಕ್ಷಾದಲ್ಲಿ ಅಳುವುದನ್ನು ಹಳೆಯ ವಿದ್ಯಾರ್ಥಿಗಳು ಯಾರೂ ನೋಡದಿರಲಿ ಎಂದು ಮುಖಕ್ಕೆ ಸೆರಗು ಮುಚ್ಚಿಕೊಂಡೆ.

"ನೀ ಬರದಿದ್ರೆ ನಾವ್ಯಾರೂ ಹೋಗೂದಿಲ್ಲ ಆಯಿ."

"ನಾ ಬರೂದಿಲ್ಲ ಅಂತ ಯಾರು ಹೇಳಿದ್ರು?"

"ದೇವಿ ಇಲ್ಲ ಅಂದ್ಲಲ್ಲ!"

"ಬರೂದು ಹೋಗೂದು ಎಲ್ಲಾ ನಾ ಕೇಳ್ಲೇ ಇಲ್ಲ. ಸ್ವೆಟರ್ ತಗಂಡ ದಿವ್ಸವೇ ನಾ ಹೊರಟಾಗಿತ್ತು. ಅಲ್ಲಿಗೆ ಹೋದ್ಮೇಲಾದ್ರೂ ನನ್ನ ಮಗ್ಳು ಒಂದ್ ಗಳಿಗೆ ನನ್ ಸಂಗ್ತಿಗೆ ಕೂತ್ಕಳ್ತಾಳಾ ಅಂತ ಕೇಳ್ದೆ."

ಆಮೇಲೆ ಮೆಲ್ಲಗೆ, ಬೈಯುವ ದನಿಯಲ್ಲಲ್ಲ, ಹೇಳಿದಳು: "ನಲ್ವತ್ತು ಮಿನಿಟು ಬರ್ದಿಟ್ಟಿದ್ಯಲೆ ಮೀನುಪೇಟೆಗೆ. ಅಷ್ಟ್ರಲ್ಲಿ ಮುಖನೂ ನೋಡಿ ಆಗೂದಿಲ್ಲ. ನೀ ಹುಟ್ಟಿ ನಡಿಯೂಕೆ ಕಲ್ತ ಮೇಲೆ ನನ್ ಹತ್ರ ಕೂತದ್ದೇ ಇಲ್ಲ ಮಗಾ."

ಪೇಟೆಯಲ್ಲಿ ಅವಳ ಪಕ್ಕ ಕೂರಲು ಸಣ್ಣವಳಿದ್ದಾಗ ನಾಚಿಕೆಯಾಗುತ್ತಿತ್ತು, ಆಮೇಲೆ ಪರೀಕ್ಷೆಗೆ ಓದಬೇಕಿತ್ತು, ಆಮೇಲೆ ಪರೀಕ್ಷೆ ಮಾಡಿಸಬೇಕಿತ್ತು. ಒಂದೇ ಮನೆಯಲ್ಲಿ ಇದ್ದುಕೊಂಡು ನಾನು ಅವಳಿಗೂ ಹೊಸ್ತಿಲ ಮೇಲೆ ನಿಂತೇ ಕುಂಕುಮ ಹಚ್ಚುತ್ತ ಬಂದಿದ್ದೆ.

ಮನೆಗೆ ಬಂದವಳೇ ಫ್ರಿಜ್ಜಿನ ಮೇಲಿನ ಹಾಳೆ ಕಿತ್ತೆ. ಕನಜಾವಾ ಹೊಡೆದುಹಾಕಿದೆ, ಒಸಾಕಾ ಹೊಡೆದುಹಾಕಿದೆ, ಹಿರೋಶಿಮಾದ ಮೇಲೆ ಸ್ವಲ್ಪ ಹೊತ್ತು ಪೆನ್ನು ತಡೆಯಿತು, ಆಮೇಲೆ ಅದನ್ನೂ. ಸಂಜನಾ ಚಪ್ಪಾಳೆ ತಟ್ಟಿದಳು. ನಮ್ಮವರು "ಆತು" ಎಂದರು, ಈ ಸಲ ತುಸು ಉತ್ಸಾಹದಿಂದ. ಟಿಕೆಟ್ಟು ಆ ಸಂಜೆಯೇ ನಾಲ್ಕೂ ಬುಕ್ಕಾಯಿತು. ಮೀನುಪೇಟೆಗೆ ಒಂದು ಇಡೀ ದಿನ ಬಿಟ್ಟು, ಹೊಸ ಹಾಳೆಯಲ್ಲಿ ಆ ದಿನದ ಚೌಕವನ್ನು ಖಾಲಿಯಾಗಿ ಇಟ್ಟೆ.

ಖಾಲಿಯಾಗಿ ಇಟ್ಟೆ ಎಂದರೆ ಹತ್ತು ನಿಮಿಷ ಇಟ್ಟೆ. ಏನೂ ಬರೆಯದ ಉತ್ತರಪತ್ರಿಕೆಯ ಹಾಗೆ ಅದು ನನ್ನನ್ನೇ ದಿಟ್ಟಿಸತೊಡಗಿತು. ಕೈ ತುರಿಸಿತು. ಕೊನೆಗೆ ತಡೆಯಲಾರದೆ ಬರೆದೆ: 'ಆಯಿಯ ಸಂಗಡ ಕೂರುವುದು. ಎಂಟರಿಂದ ಹನ್ನೊಂದು.'

ಆಯಿ ಬಂದು ಏನು ಬರೆದೆ ಎಂದು ಕೇಳಿದಳು. ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು, ಮುಡಿಯಲ್ಲಿದ್ದ ಎಸಳು ಜಾರಿ ಬೀಳುವಷ್ಟು ನಕ್ಕಳು.

"ಹನ್ನೊಂದಕ್ಕೆ ಎದ್ದು ಎಲ್ಲಿಗೆ ಹೋಗೂದಿತ್ತು?"

ಹನ್ನೊಂದನ್ನು ಅಳಿಸಿದೆ. ಎಂಟನ್ನು ಅಳಿಸುವ ಧೈರ್ಯ ಇನ್ನೂ ಬಂದಿಲ್ಲ.