ಶುಕ್ರವಾರದ ರಿಲೀಸಿಗೆ ಉಲ್ಟಾ ಜಗಳ

ಇವತ್ತು ಮಂಗಳೂರು ಕದ್ರಿಯ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಒಂದು ಉಲ್ಟಾ ಜಗಳ ನಡೆಯಿತು, ಮಾರಾಯ್ರೇ. ಶುಕ್ರವಾರದ ರಿಲೀಸಿಗೆ ಒಂದೇ ಹೊಸ ಫೀಚರ್ ಸೇರಿಸಲು ಸಮಯವಿತ್ತು. ನೌಫಲನದೋ, ಅಶ್ವಿತಾಳದೋ ಎಂದು ಟೀಮ್ ಲೀಡ್ ಆದ ನಾನು ಕೇಳಿದೆ.

"ಅವಳದ್ದೇ ಹೋಗಲಿ. ಶುಕ್ರವಾರ ಅವಳಿಗೆ ಇಲ್ಲಿ ಕೊನೇ ದಿನ ಅಲ್ವಾ? ತಾನು ಮಾಡಿದ್ದನ್ನು ನೋಡಿಯೇ ಹೋಗಲಿ" ಎಂದ ನೌಫಲ್.

"ಬೇಡ! ನಿನ್ನದನ್ನು ಎರಡು ಸಲ ಮುಂದೆ ಹಾಕಿ ಆಯ್ತು. ಇನ್ನು ಎಂತ, ನಿನ್ನ ಮದುವೆ ದಿನ ರಿಲೀಸಾ?" ಅಶ್ವಿತಾ ರೇಗಿದಳು.

ದಿನವೂ ಕೋಡಿನ ಒಂದೊಂದು ಸಾಲಿಗೂ ಕಚ್ಚಾಡುವವರು ಇವರು! ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಎರಡನ್ನೂ ಸೇರಿಸಿ, ರಿಲೀಸನ್ನೇ ಸೋಮವಾರಕ್ಕೆ ಹಾಕಿದೆ.

"ಹಾಗಾದ್ರೆ ನಾನು ಸೋಮವಾರವೂ ಬರ್ತೇನೆ" ಎಂದಳು ಅಶ್ವಿತಾ. ನೌಫಲ್ ಮುಖದ ನಗು ಕಾಣದಂತೆ ಕಿಟಕಿಯತ್ತ ತಿರುಗಿದ.

ತಡಕ್ಕೆ ಕಾರಣವೇನೆಂದು ಮ್ಯಾನೇಜರ್ ಕೇಳಿದ್ದಾರೆ. 'ತಾಂತ್ರಿಕ ತೊಂದರೆ' ಎಂದು ಬರೆದು ಕಳಿಸಿದ್ದೇನೆ.