ಬೆಂದ್ರುತೀರ್ಥದಲ್ಲಿ ಅವ್ವ ಹೂಡಿದ ಒಲೆ

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಬರ, ಬಟ್ಟೆಗೆ ಬರ; ನಮ್ಮ ಮನೆಯಲ್ಲಿ ನಿದ್ದೆಗೂ ಬರ. ಅಕ್ಕ ಮಳವಳ್ಳಿಯ ಗಂಡನ ಮನೆಯಿಂದ ಯಲಿಯೂರಿಗೆ ವಾಪಸು ಬಂದು ಕೂತಿದ್ದಳು. ಎರಡೂ ಕೈಗೆ ಇಸುಬು ಹತ್ತಿತ್ತು. ಬೆರಳ ಸಂದಿಯಿಂದ ಮೊಣಕೈವರೆಗೆ ಚರ್ಮ ಕೆಂಪಗೆ ಒಡೆದು, ಕೂತರೂ ಕೆರೆತ, ಮಲಗಿದರೂ ಕೆರೆತ. ಅಂಥ ಕೈಯಲ್ಲಿ ಕಟ್ಟಿದ ಮುದ್ದೆಯನ್ನು ಗಂಡಸರು ಹೇಗೆ ಉಣ್ಣಬೇಕು ಎಂದು ಅವಳತ್ತೆ ಕೇಳಿದ್ದಳಂತೆ. ವಾಸಿಯಾದ ಮೇಲೆ ಕರೆಸಿಕೊಳ್ಳುತ್ತೇವೆ ಎಂದು ಕಳಿಸಿದ್ದರು. ರೈಲು ಹತ್ತಿಸಿ ಹೋದ ಭಾವ ಮತ್ತೆ ಇತ್ತ ಮುಖ ಹಾಕಿರಲಿಲ್ಲ. ರೈಲಿನ ಸದ್ದಾದಾಗಲೆಲ್ಲ ಅಕ್ಕ ಜಗಲಿಗೆ ಬಂದು, ಏನೋ ಮರೆತವಳಂತೆ ಒಳಗೆ ಹೋಗುವಳು. ಅವಳ ಹಿಂದೆ ಅವ್ವ, ಅವ್ವನ ಹಿಂದೆ ನಾನು. ಒಂದು ಕಡೆ ಕೂರುವ ಪ್ರಾಣಿ ಎಂದರೆ ನಮ್ಮ ಮನೆಯಲ್ಲಿ ಎಮ್ಮೆ ಮಾತ್ರ.

ನನಗಾಗ ಮೀಸೆ ಮೂಡುವ ವಯಸ್ಸು. ಊರಿನವರ ನಡಿಗೆ, ಸೀನು, ಉಗುಳುವ ವೈಖರಿಗಳನ್ನು ಅಣಕಿಸುವುದೇ ಉದ್ಯೋಗ. ಇದ್ದ ನಾಲ್ಕು ಕೂದಲನ್ನು ಕನ್ನಡಿಯ ಮುಂದೆ ಹುರಿ ಮಾಡುವ ನನ್ನನ್ನೂ ನಾನೇ ಅಣಕಿಸುತ್ತಿದ್ದೆ. ಅವಳತ್ತೆಯ ಅಣಕ ಮಾಡಿದರೆ ಅಕ್ಕ ನಗುತ್ತಿದ್ದಳು. ಭಾವನದಕ್ಕೆ ಕೈಹಾಕಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವಳಿಗೆ ಹಿಂದಿರುಗಿ ಹೋಗಬೇಕಿತ್ತು, ಅಷ್ಟೆ.

ಬೇವಾಯಿತು, ಅರಿಸಿನವಾಯಿತು, ಮಂಡ್ಯದ ಆಸ್ಪತ್ರೆಯ ಮುಲಾಮೂ ಆಯಿತು. ಕೊಡಗಿನ ಕಾಫಿ ತೋಟದಲ್ಲಿ ದುಡಿದು ಬಂದಿದ್ದ ನೆರೆಮನೆಯ ಹೆಂಗಸು ಒಂದು ದಿನ ಬೆಂದ್ರುತೀರ್ಥದ ಮಾತೆತ್ತಿದಳು. ಘಟ್ಟದ ಕೆಳಗೆ, ಪುತ್ತೂರಿನ ಕಡೆ, ನೆಲದೊಳಗಿಂದಲೇ ಬಿಸಿನೀರು ಉಕ್ಕುತ್ತದಂತೆ. ಮುಳುಗಿ ಎದ್ದರೆ ಮೈ ಬಾಳೆಯ ಸುಳಿಯಂತಾಗುತ್ತದಂತೆ. ಅವ್ವ ಆಗಲೇ ರೊಟ್ಟಿಗೆ ಹಿಟ್ಟು ಕಲಸಿದಳು. ನನ್ನ ಮುಖವೂ ಮೊಡವೆಯಿಂದ ರಾಗಿ ಚೆಲ್ಲಿದ ಕಣದ ಹಾಗಿತ್ತು. ಅಕ್ಕ ಆರೋಗ್ಯಕ್ಕೆ, ನಾನು ಅಂದಕ್ಕೆ, ಅವ್ವ ನಮ್ಮಿಬ್ಬರನ್ನೂ ಬೈಯುವುದಕ್ಕೆ ಎಂದು, ಎಮ್ಮೆಯನ್ನು ಅಪ್ಪನಿಗೆ ಒಪ್ಪಿಸಿ, ಮೂವರೂ ಹೊರಟೆವು.

ಮೈಸೂರಿನವರೆಗೆ ರೈಲು, ಅಲ್ಲಿಂದ ಇದ್ದಿಲ ಬಸ್ಸು. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದರೆ ಅದು ಕೆಮ್ಮಿ ನಿಲ್ಲುವುದು, ನಾವು ಇಳಿದು ತಳ್ಳುವುದು. ಅದರ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಕೆಮ್ಮಿದೆನೆಂದರೆ ಡ್ರೈವರು ಇಳಿಜಾರಿನಲ್ಲೂ ಗಾಡಿ ನಿಲ್ಲಿಸಿ, ಹಿಂದೆ ಹೋಗಿ ನೋಡಿ ಬಂದ. ಅವ್ವ ತಲೆಗೆ ಮೊಟಕಿದಳು. ಇನ್ನೆಷ್ಟು ದೂರ ಎಂದು ಅಕ್ಕ ಮತ್ತೆ ಮತ್ತೆ ಕೇಳುತ್ತಿದ್ದಳು.

ತೀರ್ಥವೆಂದರೆ ಹೊಳೆಯ ಪಕ್ಕ ಕಲ್ಲು ಕಟ್ಟಿದ ಒಂದು ಕೊಳ. ಅವ್ವ ಬೆರಳು ಅದ್ದಿದಳು. ನೀರು ಉಗುರುಬೆಚ್ಚಗಿತ್ತು.

ನಮ್ಮ ಸೀಮೆಯ ಎಣ್ಣೆನೀರಿನ ಲೆಕ್ಕವೇ ಬೇರೆ. ಹಂಡೆ ಕೊತಕೊತ ಕುದಿಯಬೇಕು, ಹುಯ್ಯಿಸಿಕೊಂಡವನು ಕುಣಿಯಬೇಕು, ಬೆನ್ನು ಕೆಂಪಗಾಗಬೇಕು. ಬರೀ ಬೆಚ್ಚಗಿನ ನೀರು ಹುಯ್ದರೆ ಪ್ರೀತಿ ಕಡಿಮೆಯಾಯಿತೆಂದೇ ಅರ್ಥ.

"ಇದಾ ಬಿಸ್ನೀರು? ಇದ್ರಲ್ಲಿ ಕೋಳಿ ಪುಕ್ಕನೂ ಕೀಳಕ್ಕಾಗಕಿಲ್ಲ," ಎಂದಳು ಅವ್ವ.

ಕೊಡ ತುಂಬಿಸಿದಳು. ಮೂರು ಕಲ್ಲು ಹೂಡಿ, ಪುಳ್ಳೆ ಆಯ್ದು ತಂದು, ತೀರ್ಥವನ್ನು ಕಾಯಿಸಲು ಕೂತಳು. ಕೊಳ ನೋಡಿಕೊಳ್ಳುತ್ತಿದ್ದ ಮುದುಕರು ಗಾಬರಿಯಿಂದ ಬಂದರು.

"ನೆಲವೇ ಕಾಯಿಸಿ ಕೊಟ್ಟ ನೀರನ್ನು ಪುನಃ ಕಾಯಿಸ್ಲಿಕ್ಕುಂಟಾ ಅಮ್ಮ?"

"ಭೂಮ್ತಾಯ್ಗೂ ಸೌದೆ ಸಾಲ್ದಾಗೈತೆ ಕಣಪ್ಪ, ಪಾಪ. ನಾವೇ ಒಂಚೂರು ಉರಿ ಮಾಡಾಣ."

ಮುದುಕರು ನನ್ನ ಮುಖ ನೋಡಿದರು. ಅವರ ಆ ಮುಖವನ್ನೇ ಅವರಿಗೆ ತಿರುಗಿಸಿ ತೋರಿಸಿದೆ. ಪಾಪ, ತಲೆ ಕೊಡವುತ್ತ ಹೊರಟುಹೋದರು.

ಅಷ್ಟರಲ್ಲಿ ಅಕ್ಕ ಕೊಳಕ್ಕೆ ಇಳಿದು ಕತ್ತಿನವರೆಗೆ ಮುಳುಗಿ ಕೂತಿದ್ದಳು. ಅವ್ವ ಹಬೆಯಾಡುವ ಚೊಂಬು ಹಿಡಿದು ಬಂದು ಕೈ ಚಾಚು ಎಂದಳು. ಅಕ್ಕ ಚಾಚಲಿಲ್ಲ.

"ಬ್ಯಾಡ ಬುಡವ್ವ. ಇದೇ ಇತವಾಗೈತೆ. ಕೆರೆತ ನಿಂತೋಗೈತೆ."

ಚೊಂಬು ಹಿಡಿದ ಅವ್ವ ನಿಂತೇ ಇದ್ದಳು. ಊರಿನಲ್ಲಿ ವಾರವಾರವೂ ಅದೇ ಕೈಗಳಿಗೆ, ಮಗಳು ಬೇಗ ವಾಸಿಯಾಗಲೆಂದು, ಒಂದು ಕೈ ಹೆಚ್ಚಾಗಿಯೇ ಕುದಿನೀರು ಹುಯ್ದವಳು ಅವಳು. ಹುಯ್ದ ದಿನವೆಲ್ಲ ಅಕ್ಕ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದಳು. ರೋಗ ಹೊರಗೆ ಬರುತ್ತಿದೆ ಎಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಅವ್ವ ಒಲೆಯ ಹತ್ತಿರ ಹಿಂದಿರುಗಿದಳು. ಉರಿಯುವ ಕೊಳ್ಳಿಗಳನ್ನು ಹೊರಗೆಳೆದು ಮಣ್ಣು ಮುಚ್ಚಿದಳು. ಕಾದ ನೀರು ದಂಡವಾಗಬಾರದೆಂದು ನನ್ನ ತಲೆಗೆ ಹುಯ್ದಳು. ಮೊಡವೆ ಹೋಗಲಿಲ್ಲ, ಇಡೀ ಮುಖವೇ ಒಂದು ಮೊಡವೆಯಾಯಿತು.

ಕೆಲವು ದಿನ ಅಲ್ಲೇ ಇದ್ದೆವು. ಊರಿಗೆ ಬಂದ ಮೇಲೂ ಅವ್ವ ಅಕ್ಕನಿಗೆ ಉಗುರುಬೆಚ್ಚಗಿನ ನೀರನ್ನೇ ಕೊಟ್ಟಳು. ಒಡೆದ ಚರ್ಮ ಕೂಡಿಕೊಂಡಿತು. ಕಪ್ಪು ಕಲೆ ಮಾತ್ರ ಉಳಿಯಿತು.

ಸುದ್ದಿ ಹೋಗಿ ಭಾವ ಬಂದರು. ಜಗಲಿಯಲ್ಲಿ ಕೂತು, ಅಕ್ಕನನ್ನು ಬಿಸಿಲಿಗೆ ಕರೆದು, ಕೈ ತಿರುಗಿಸಿ ತೋರಿಸಲು ಹೇಳಿದರು. ಸಂತೆಯಲ್ಲಿ ಎತ್ತು ಕೊಳ್ಳುವವರಾದರೂ ಒಮ್ಮೆ ಮೈ ಸವರುತ್ತಾರೆ, ಭಾವ ಮುಟ್ಟಲಿಲ್ಲ. ಕಲೆ ಇನ್ನೂ ಇದೆ, ಮನೆಯಲ್ಲಿ ನಮ್ಮವ್ವನನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದರು. ನನ್ನ ನಾಲಿಗೆ ತುರಿಸಿತು. ಅಪ್ಪ ಗುರಾಯಿಸಿದರು.

ಅಕ್ಕ ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ಬಟ್ಟೆಯ ಗಂಟು ಎತ್ತಿಕೊಂಡು ಬಂದಳು.

"ಕಲೆ ಓಗಕಿಲ್ಲ. ನಿಮ್ಮವ್ವನ್ನ ನಾನೇ ಕೇಳ್ತೀನಿ. ನಡೀರಿ, ರೈಲು ಬರೋ ಒತ್ತಾಯ್ತು."

ಭಾವ ಅಪ್ಪನತ್ತ ನೋಡಿದರು. ಅಪ್ಪ ಮೇಲೆ ಹೆಂಚು ನೋಡುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ: "ಅಲ್ಲಿ ಯಾರು ಕುದಿಯೋ ನೀರು ಕೊಟ್ರೂ ಕೈ ಇಕ್ಬೇಡ ಕಣವ್ವ."

ಮದ್ದೂರಿನವರೆಗೆ ನಾನೂ ಹೋದೆ. ರೈಲಿನಲ್ಲಿ ಯಾರೂ ಮಾತಾಡಲಿಲ್ಲ; ನಾನು ಸಹ. ಅದೇ ನನ್ನ ದಾಖಲೆ. ಮಳವಳ್ಳಿಯ ಬಸ್ಸು ಹೊರಡಲು ಸಿದ್ಧವಾಗಿತ್ತು. ಭಾವ ಮೊದಲು ಹತ್ತಿ, ಅಕ್ಕ ಬಂದಾಗ ಕಿಟಕಿಯ ಕಡೆಗೆ ಸರಿದರು. ಸರಿದದ್ದು ಜಾಗ ಕೊಡುವುದಕ್ಕೋ, ತಾಗದೆ ಇರುವುದಕ್ಕೋ, ಕೆಳಗೆ ನಿಂತ ನನಗೆ ತಿಳಿಯಲಿಲ್ಲ. ಅಕ್ಕ ಅವರ ಪಕ್ಕಕ್ಕೇ ಕೂತು, ಗಂಟನ್ನು ಅವರ ಮಡಿಲಿಗೆ ಹಾಕಿದಳು.

"ಇಡ್ಕಳಿ," ಎಂದಳು.